ಸುಟ್ಟ ಕೈಯ ಶಸ್ತ್ರಚಿಕಿತ್ಸೆಯನ್ನು ವಿಮಾ ಕಂಪನಿ "ಸೌಂದರ್ಯ ಚಿಕಿತ್ಸೆ" ಎಂದು ತಿರಸ್ಕರಿಸಿದೆ, ಮುಂದೇನು ಮಾಡಬೇಕು?

ತುಂಗೆಯ ದಡ
ಎಲ್ಲರಿಗೂ ನಮಸ್ಕಾರ. ಕಳೆದ ವರ್ಷದ ಸಂಕ್ರಾಂತಿಗೆ ಎರಡು ದಿನ ಮೊದಲು ನನ್ನ ತಂಗಿ ಸಕ್ಕರೆ ಅಚ್ಚು ಎರೆಯುತ್ತಿದ್ದಾಗ ಇಕ್ಕಳ ಜಾರಿ, ಕುದಿಯುತ್ತಿದ್ದ ಪಾಕವೆಲ್ಲ ಅವಳ ಬಲಗೈಯ ಮೇಲೆ ಬಿತ್ತು. ಬಿಸಿನೀರಾದರೆ ಹರಿದು ಹೋಗುತ್ತದೆ, ಪಾಕ ಹಾಗಲ್ಲ. ತಣ್ಣೀರಿಗೆ ಕೈ ಒಡ್ಡುವಷ್ಟರಲ್ಲಿ ಅದು ಅಂಗೈಗೆ ಅಂಟಿಕೊಂಡು ಗಟ್ಟಿಯಾಗಿತ್ತು. ಆಗ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಡಿಸಿದೆವು. ಹೆಚ್ಚು ಖರ್ಚಾಗಲಿಲ್ಲವಾದ್ದರಿಂದ ವಿಮೆಯ ತಂಟೆಗೆ ಹೋಗಲಿಲ್ಲ.

ಗಾಯವೇನೋ ಮಾಯಿತು, ಆದರೆ ಚರ್ಮ ಸೆಳೆದುಕೊಂಡು ಉಂಗುರದ ಬೆರಳು ಮತ್ತು ಕಿರುಬೆರಳು ಅಂಗೈಯತ್ತ ಬಾಗಿಬಿಟ್ಟಿವೆ. ಅವಳು ಮನೆಯಲ್ಲೇ ರವಿಕೆ ಹೊಲಿಯುವವಳು. ಹೆಬ್ಬೆರಳು ಅಗಲವಾಗಿ ತೆರೆದುಕೊಳ್ಳದ ಕಾರಣ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯ ಬಳೆಯೊಳಗೆ ಅದು ತೂರುವುದೇ ಇಲ್ಲ. ಈಗ ಪ್ಲಾಸ್ಟಿಕ್ ಸರ್ಜನ್ ಒಬ್ಬರು ಬಿಗಿದ ಚರ್ಮವನ್ನು ಬಿಡಿಸಿ, ತೊಡೆಯ ಚರ್ಮವನ್ನು ಕಸಿ ಮಾಡಬೇಕು ಎಂದಿದ್ದಾರೆ. ಅಂದಾಜು ವೆಚ್ಚ 1,85,000 ರೂಪಾಯಿ. 2021ರಿಂದ ಒಂದು ವರ್ಷವೂ ತಪ್ಪದೆ ಕುಟುಂಬ ವಿಮೆಯ ಕಂತು ಕಟ್ಟಿದ್ದೇವೆ, ತಂಗಿಯ ಹೆಸರೂ ಅದರಲ್ಲಿದೆ. ಆದರೆ ಆಸ್ಪತ್ರೆಯಿಂದ ಕ್ಯಾಶ್‌ಲೆಸ್ ಅನುಮತಿ ಕೇಳಿದಾಗ "ಕಾಸ್ಮೆಟಿಕ್ ಅಥವಾ ಪ್ಲಾಸ್ಟಿಕ್ ಸರ್ಜರಿ ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲ, ಕೋಡ್ 08" ಎಂಬ ಒಂದು ಸಾಲಿನ ಉತ್ತರ ಬಂದಿದೆ. ಬೆರಳು ಮಡಚಿಕೊಂಡು ಕೂತಿರುವಾಗ ಇದರಲ್ಲಿ ಸೌಂದರ್ಯದ ಮಾತು ಎಲ್ಲಿಂದ ಬಂತು? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಕಹಿಬೇವು
ಪ್ಲಾಸ್ಟಿಕ್ ಸರ್ಜರಿಗೆ ಯಾವ ಕಂಪನಿಯೂ ಹಣ ಕೊಡುವುದಿಲ್ಲ, ಸುಮ್ಮನೆ ಓಡಾಡಿ ಚಪ್ಪಲಿ ಸವೆಸಬೇಡಿ. ಕಂತು ತೆಗೆದುಕೊಳ್ಳುವಾಗ ಇರುವ ನಗು ಕೊಡುವಾಗ ಇರುವುದಿಲ್ಲ.

ಬಿಲ್ಲಿಂಗ್ ಕಿಟಕಿ
ಕಹಿಬೇವು ಅವರೇ, ನಿಮ್ಮ ಸಿಟ್ಟು ನ್ಯಾಯವೇ ಆದರೂ ನೀವು ಹೇಳಿದ ಮಾತು ತಪ್ಪು. ನಾನು ಆಸ್ಪತ್ರೆಯೊಂದರ ವಿಮಾ ವಿಭಾಗದಲ್ಲಿ ಒಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಎಲ್ಲ ಕಂಪನಿಗಳ ಎಕ್ಸ್‌ಕ್ಲೂಷನ್ (ವಿಮೆ ಅನ್ವಯಿಸದ ಖರ್ಚುಗಳ) ಪಟ್ಟಿಯನ್ನು ಒಂದೇ ಮಾದರಿಗೆ ತಂದಿತು. ಅದರಲ್ಲಿ ಎಂಟನೆಯದು ಈ ಪ್ಲಾಸ್ಟಿಕ್ ಸರ್ಜರಿಯ ಕಲಮು. ಕಂಪನಿಯವರು ಪತ್ರದಲ್ಲಿ ಅದರ ಮೊದಲ ಅರ್ಧವನ್ನು ಮಾತ್ರ ಬರೆಯುತ್ತಾರೆ. ಉಳಿದ ಅರ್ಧದಲ್ಲಿ, ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರ್ ನಂತರ ಮಾಡುವ ಪುನರ್ರಚನೆಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ ಎಂದು ಸ್ಪಷ್ಟವಾಗಿದೆ. ನಿಮ್ಮ ಪಾಲಿಸಿ ಪುಸ್ತಕ ತೆಗೆದು ಓದಿ, ಅಕ್ಷರಶಃ ಹಾಗೆಯೇ ಇರುತ್ತದೆ.

ಹಳೇ ಏಜೆಂಟ್
ಕಲಮು ಅಷ್ಟಕ್ಕೇ ಮುಗಿಯುವುದಿಲ್ಲ ಸರ್. ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯ ಇರಬೇಕು ಎಂಬ ಷರತ್ತೂ ಅದರಲ್ಲಿದೆ. ಬೆರಳು ಬಾಗಿರುವುದು ತೊಂದರೆಯೇ ಹೊರತು ಪ್ರಾಣಾಪಾಯವಲ್ಲ ಎಂದು ಕಂಪನಿ ವಾದಿಸಬಹುದು. ಇಪ್ಪತ್ತು ವರ್ಷ ಪಾಲಿಸಿ ಮಾರಿದವನು ಹೇಳುತ್ತಿದ್ದೇನೆ.

ಬಿಲ್ಲಿಂಗ್ ಕಿಟಕಿ
ಇಪ್ಪತ್ತು ವರ್ಷ ಮಾರಿದಿರಿ ಎಂಬುದು ಸರಿ, ಆದರೆ ಆ ವಾಕ್ಯವನ್ನು ಇನ್ನೊಮ್ಮೆ ಓದಿ ಸರ್. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನರ್ರಚನೆ ಎಂದ ಮೇಲೆ "ಅಥವಾ" ಎಂಬ ಪದವಿದೆ. ನೇರ ಹಾಗೂ ತಕ್ಷಣದ ಅಪಾಯದ ಮಾತು ಬರುವುದು ಆ "ಅಥವಾ" ಆದಮೇಲೆ. ಸುಟ್ಟಗಾಯದ ರೋಗಿ ಎರಡನೆಯ ಬಾಗಿಲನ್ನು ತಟ್ಟುವ ಅಗತ್ಯವೇ ಇಲ್ಲ, ಮೊದಲನೆಯದೇ ತೆರೆದಿದೆ. ಈ ಎರಡನ್ನೂ ಕಲಸಿ ಹೇಳುವುದರಿಂದಲೇ ಎಷ್ಟೋ ಜನ ಅರ್ಧದಲ್ಲೇ ಕೈಬಿಡುತ್ತಾರೆ.

ತುಂಗೆಯ ದಡ ಅವರೇ, ಒಂದು ಕೆಲಸ ಮಾಡಿ. ಆಸ್ಪತ್ರೆಯವರು ಕಳುಹಿಸಿದ ಪ್ರೀಆಥ್ (ಚಿಕಿತ್ಸೆಗೆ ಮೊದಲೇ ಅನುಮತಿ ಕೋರುವ) ಅರ್ಜಿಯ ಪ್ರತಿಯನ್ನು ಕೇಳಿ ಪಡೆಯಿರಿ. ಅದರಲ್ಲಿ ರೋಗನಿರ್ಣಯ ಎಂಬ ಜಾಗದಲ್ಲಿ ಏನು ಬರೆದಿದ್ದಾರೆ ಎಂಬುದನ್ನು ನೋಡಿ ಇಲ್ಲಿ ತಿಳಿಸಿ. ಉಳಿದ ಮಾತು ಆಮೇಲೆ.

ಹಳೇ ಏಜೆಂಟ್
"ಅಥವಾ" ವಿಷಯ ಒಪ್ಪುತ್ತೇನೆ. ಈಗಷ್ಟೇ ಕನ್ನಡಕ ಹಾಕಿಕೊಂಡು ಓದಿದೆ. ಆದರೆ ಇನ್ನೊಂದು ತೊಡಕಿದೆ: ಈ ನಡುವೆ ಕಂಪನಿ ಬದಲಾಯಿಸಿದ್ದೀರಾ? ಹಾಗೆ ಬದಲಾಯಿಸಿದ್ದರೆ ಹೊಸ ಕಂಪನಿಯು ಸುಟ್ಟ ಕೈಯನ್ನು "ಮೊದಲೇ ಇದ್ದ ಕಾಯಿಲೆ" ಎನ್ನುತ್ತದೆ.

ತುಂಗೆಯ ದಡ
ಬದಲಾಯಿಸಿಲ್ಲ ಸರ್, ಮೊದಲಿನಿಂದಲೂ ಒಂದೇ ಕಂಪನಿ. ಅರ್ಜಿಯ ಪ್ರತಿ ಕೇಳಲು ನಾಳೆ ಆಸ್ಪತ್ರೆಗೆ ಹೋಗುತ್ತೇನೆ.

ಬಿಲ್ಲಿಂಗ್ ಕಿಟಕಿ
ಹಾಗಾದರೆ ಆ ತೊಡಕಿಲ್ಲ. ಪಾಲಿಸಿ ಪಡೆದ ಮೇಲೆ ಆದ ಅಪಘಾತ "ಮೊದಲೇ ಇದ್ದದ್ದು" ಆಗುವುದಿಲ್ಲ. ಬೇರೆಯವರಿಗೂ ಉಪಯೋಗವಾಗಲಿ ಎಂದು ಹೇಳುತ್ತೇನೆ: ಬಾಲ್ಯದಲ್ಲಿ ಸುಟ್ಟುಕೊಂಡವರು ಈಗ ಹೊಸದಾಗಿ ಪಾಲಿಸಿ ಮಾಡಿಸುವುದಾದರೆ ಗಾಯದ ಕಲೆಯನ್ನು ಅರ್ಜಿಯಲ್ಲಿ ತಪ್ಪದೆ ಬರೆಯಬೇಕು. ಅಂಥವರಿಗೆ ಆ ತೊಂದರೆಗೆ ವಿಮೆ ಸಿಗುವವರೆಗೆ ಕಾಯುವ ಅವಧಿ ಮೊದಲು 48 ತಿಂಗಳವರೆಗೂ ಇತ್ತು. 2024ರ ಏಪ್ರಿಲ್‌ನಿಂದ ಅದನ್ನು ಗರಿಷ್ಠ 36 ತಿಂಗಳಿಗೆ ಇಳಿಸಿದ್ದಾರೆ. ಪಾಲಿಸಿಯನ್ನು ಬೇರೆ ಕಂಪನಿಗೆ ವರ್ಗಾಯಿಸಿ (ಪೋರ್ಟ್) ಮಾಡಿಕೊಂಡರೆ ಹಳೆಯ ಕಂಪನಿಯಲ್ಲಿ ಕಾದ ತಿಂಗಳುಗಳೂ ಲೆಕ್ಕಕ್ಕೆ ಬರುತ್ತವೆ.

ನೀಲಿಹೂ
ಕ್ಯಾನ್ಸರ್ ಎಂಬ ಪದ ಕಲಮಿನಲ್ಲೇ ಇದ್ದರೂ ಜಗಳ ತಪ್ಪುವುದಿಲ್ಲ ಎಂಬುದಕ್ಕೆ ನಮ್ಮ ಅಮ್ಮನ ಕಥೆ ಕೇಳಿ. ಎಡ ಸ್ತನ ತೆಗೆದ ಒಂದೂವರೆ ವರ್ಷದ ನಂತರ, ರೇಡಿಯೇಷನ್ ಎಲ್ಲ ಮುಗಿದ ಮೇಲೆ, ಹೊಟ್ಟೆಯ ಭಾಗದ ಚರ್ಮ ಮತ್ತು ಕೊಬ್ಬು ತೆಗೆದು ಪುನರ್ರಚನೆ ಮಾಡುವುದೆಂದಾಯಿತು. ಮೊದಲ ಶಸ್ತ್ರಚಿಕಿತ್ಸೆಯ ಜೊತೆಗೇ ಮಾಡಿಸಿದ್ದರೆ ಕೊಡುತ್ತಿದ್ದೆವು, ಈಗ ಮಾಡಿಸಿದರೆ ಅದು ಅಲಂಕಾರಕ್ಕೆ ಎಂಬ ಧಾಟಿಯಲ್ಲಿ ಕಂಪನಿಯ ಪ್ರತಿನಿಧಿ ಫೋನಿನಲ್ಲಿ ಮಾತನಾಡಿದರು. ಅಂತಹ ಗಡುವು ಪಾಲಿಸಿಯ ಯಾವ ಪುಟದಲ್ಲಿದೆ, ಬರೆದು ಕೊಡಿ ಎಂದು ಇಮೇಲ್ ಕಳುಹಿಸಿದೆ. ಬರೆದು ಕೊಡಲಿಲ್ಲ. ಹನ್ನೊಂದು ದಿನಗಳ ನಂತರ ಅನುಮತಿಯೇ ಬಂತು. ಆದರೆ ಎರಡೂ ಕಡೆ ಸಮವಾಗಿರಲೆಂದು ಬಲಭಾಗದಲ್ಲಿ ಮಾಡಿದ ಸಣ್ಣ ಶಸ್ತ್ರಚಿಕಿತ್ಸೆಯ ಹಣವನ್ನು ಮುರಿದುಕೊಂಡರು. ಅಮ್ಮನೇ "ಸಾಕು ಬಿಡು ಮಗಾ" ಎಂದ ಕಾರಣ ನಾನೂ ಮುಂದುವರಿಸಲಿಲ್ಲ.

ಡೆಟ್ರಾಯಿಟ್ ಕನ್ನಡಿಗ
ನೀಲಿಹೂ ಅವರೇ, ಅಮೆರಿಕದಲ್ಲಿ ಇದೇ ಪ್ರಶ್ನೆಗೆ 1998ರಲ್ಲಿ ಕಾನೂನೇ ಬಂತು. ಸ್ತನ ತೆಗೆಯುವ ಶಸ್ತ್ರಚಿಕಿತ್ಸೆಗೆ ಹಣ ಕೊಡುವ ವಿಮೆಯು ಪುನರ್ರಚನೆಗೂ, ಸಮರೂಪಕ್ಕಾಗಿ ಇನ್ನೊಂದು ಸ್ತನದ ಮೇಲೆ ಮಾಡುವ ಶಸ್ತ್ರಚಿಕಿತ್ಸೆಗೂ ಹಣ ಕೊಡಲೇಬೇಕು. ನನ್ನ ಹೆಂಡತಿಗೆ ಅದರಿಂದ ಉಪಕಾರವಾಯಿತು. ಹಾಗೆಂದು ಇಲ್ಲಿ ಎಲ್ಲವೂ ಸುಗಮವೆಂದು ಭಾವಿಸಬೇಡಿ. ರೆಪ್ಪೆ ಜೋತುಬಿದ್ದು ದೃಷ್ಟಿಗೆ ಅಡ್ಡವಾಗಿದೆ ಎಂದು ಸಾಬೀತುಪಡಿಸಲು ನನ್ನ ಮಾವನವರು ಮೂರು ಬಾರಿ ದೃಷ್ಟಿಕ್ಷೇತ್ರದ ಪರೀಕ್ಷೆ ಮಾಡಿಸಿಕೊಳ್ಳಬೇಕಾಯಿತು.

ಕಹಿಬೇವು
ನೋಡಿದಿರಾ, ಅಮೆರಿಕದಲ್ಲೂ ಅದೇ ಹಾಡು.

ಉಪ್ಪಿನಂಗಡಿ ಮಳೆ
ನನ್ನದು ಮೂಗಿನ ವ್ಯವಹಾರ. ಮೂಗಿನ ಒಳಗೋಡೆ ವಾಲಿ, ರಾತ್ರಿಯೆಲ್ಲ ಬಾಯಿಯಲ್ಲೇ ಉಸಿರಾಡುತ್ತಿದ್ದೆ. ವೈದ್ಯರು ಒಳಗೋಡೆಯನ್ನು ನೇರ ಮಾಡುವ ಜೊತೆಗೆ ಹೊರಗಿನ ಡೊಂಕನ್ನೂ ತಿದ್ದಿದರು. ನನಗೂ ಆಸೆಯಿತ್ತು, ಸುಳ್ಳು ಏಕೆ ಹೇಳಲಿ. ಕಂಪನಿಯು ಒಳಗಿನ ಕೆಲಸಕ್ಕೆ ಹಣ ಕೊಟ್ಟು ಹೊರಗಿನದನ್ನು ಕಳೆಯಿತು. ನನಗೆ ಅದು ನ್ಯಾಯವೆಂದೇ ತೋರಿತು. ಆದರೆ ಬಿಲ್ಲಿನಲ್ಲಿ ಎರಡನ್ನೂ ಬೇರೆಬೇರೆಯಾಗಿ ತೋರಿಸದೆ ಒಟ್ಟು ಮೊತ್ತ ಬರೆದಿದ್ದರಿಂದ ಎಷ್ಟು ಕಳೆಯಬೇಕೆಂಬುದನ್ನು ಅವರೇ ತೀರ್ಮಾನಿಸಿಬಿಟ್ಟರು. ಹೀಗೆ ಎರಡು ಕೆಲಸ ಒಟ್ಟಿಗೆ ಮಾಡಿಸುವವರು ಬಿಲ್ಲನ್ನು ಮೊದಲೇ ಬೇರ್ಪಡಿಸಿಕೊಳ್ಳಿ. ಮೂಗಿನ ಒಳಗೋಡೆಗೆ ಅನೇಕ ಪಾಲಿಸಿಗಳಲ್ಲಿ ಎರಡು ವರ್ಷ ಕಾಯುವ ಅವಧಿ ಇರುತ್ತದೆ ಎಂಬುದನ್ನೂ ನೆನಪಿಡಿ.

ಇತಿಹಾಸಪ್ರಿಯ
ಮೂಗಿನ ಮಾತು ಬಂದದ್ದರಿಂದ ಹೇಳುತ್ತೇನೆ. ಮೂರನೆಯ ಮೈಸೂರು ಯುದ್ಧದಲ್ಲಿ ಬ್ರಿಟಿಷರ ಪಡೆಗೆ ಎತ್ತಿನ ಬಂಡಿ ಹೊಡೆಯುತ್ತಿದ್ದ ಕಾವಸ್ಜಿ ಎಂಬವನು ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ. ಪುಣೆಯ ಕಡೆ ಇಟ್ಟಿಗೆ ಮಾಡುವ ಕುಲದ ಒಬ್ಬಾತ ಹಣೆಯ ಚರ್ಮವನ್ನು ಇಳಿಸಿ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. ಆ ವರದಿ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾದ ಮೇಲೆಯೇ ಯುರೋಪಿನವರು ಆ ವಿಧಾನ ಕಲಿತದ್ದು. "ಪ್ಲಾಸ್ಟಿಕ್" ಎಂಬುದಕ್ಕೆ ಗ್ರೀಕ್ ಮೂಲದಲ್ಲಿ ಅಚ್ಚಿನಂತೆ ರೂಪಿಸುವುದು ಎಂದರ್ಥ, ಕೊಡಪಾನದ ಪ್ಲಾಸ್ಟಿಕ್ ವಸ್ತುವಿಗೂ ಈ ಶಸ್ತ್ರಚಿಕಿತ್ಸೆಗೂ ಸಂಬಂಧವಿಲ್ಲ. ಯುದ್ಧದ ಗಾಯದಿಂದ ಬೆಳೆದ ವಿದ್ಯೆಯನ್ನು ವಿಮೆಯವರು ಬ್ಯೂಟಿ ಪಾರ್ಲರ್ ಪಟ್ಟಿಗೆ ಸೇರಿಸಿದ್ದಾರೆ.

ನಿರ್ವಾಹಕರು
ಚೆನ್ನಾಗಿದೆ, ಆದರೆ ಟಿಪ್ಪುವಿನ ವಿಷಯ ಇಲ್ಲಿ ಮುಂದುವರಿದರೆ ಈ ತಂಗಿಯ ಕೈ ಮರೆತೇಹೋಗುತ್ತದೆ. ಅದನ್ನು ಬೇರೆ ಚರ್ಚೆಯಲ್ಲಿ ಬರೆಯಿರಿ.

ಲೆಕ್ಕಪತ್ರ
ಯಾರೂ ಹೇಳದ ಒಂದು ಸುಳಿವು. ವೈದ್ಯಕೀಯ ಸೇವೆಗೆ ಸಾಮಾನ್ಯವಾಗಿ ಜಿಎಸ್‌ಟಿ ಇಲ್ಲ, ಆದರೆ ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆಗೆ ಶೇ. 18 ತೆರಿಗೆ ಇದೆ. ಜನ್ಮತಃ ಬಂದ ದೋಷ, ಬೆಳವಣಿಗೆಯ ನ್ಯೂನತೆ, ಗಾಯ ಅಥವಾ ಆಘಾತದಿಂದ ಕೆಟ್ಟ ಅಂಗರಚನೆಯನ್ನೋ ಅಂಗದ ಕಾರ್ಯವನ್ನೋ ಸರಿಪಡಿಸುವುದಾದರೆ ವಿನಾಯಿತಿ. ಈಗ ನಿಮ್ಮ ಅಂದಾಜು ಪಟ್ಟಿಯನ್ನು ನೋಡಿ. ತೆರಿಗೆ ಹಾಕಿದ್ದರೆ ಆಸ್ಪತ್ರೆಯೇ ಇದನ್ನು ಸೌಂದರ್ಯ ಚಿಕಿತ್ಸೆ ಎಂದು ಒಪ್ಪಿಕೊಂಡಂತಾಗುತ್ತದೆ, ಕೂಡಲೇ ತಿದ್ದಿಸಿ. ಹಾಕಿಲ್ಲದಿದ್ದರೆ ಅದೇ ನಿಮ್ಮ ಪರವಾದ ಸಣ್ಣ ಸಾಕ್ಷಿ. ಒಂದೇ ಶಸ್ತ್ರಚಿಕಿತ್ಸೆ ಸರ್ಕಾರದ ತೆರಿಗೆಗೆ ಪುನರ್ರಚನೆಯಾಗಿ, ವಿಮೆಯ ಕ್ಲೇಮಿಗೆ ಅಲಂಕಾರವಾಗಿ ಇರಲು ಸಾಧ್ಯವಿಲ್ಲವಷ್ಟೆ.

ಅಂಗನವಾಡಿ ಟೀಚರ್
ಲೆಕ್ಕಪತ್ರ ಸರ್, ಜನ್ಮತಃ ದೋಷಕ್ಕೆ ತೆರಿಗೆಯವರು ವಿನಾಯಿತಿ ಕೊಟ್ಟರೂ ವಿಮೆಯ ಎಂಟನೆಯ ಕಲಮಿನಲ್ಲಿ ಆ ಪದವೇ ಇಲ್ಲ. ಸೀಳುತುಟಿಯ ಮಕ್ಕಳ ತಂದೆತಾಯಿಯರು ಇಲ್ಲೇ ಸಿಕ್ಕಿಬೀಳುವುದು. ಹೊರಗೆ ಕಾಣುವ ಜನ್ಮದೋಷಗಳನ್ನು ಎಷ್ಟೋ ಪಾಲಿಸಿಗಳು ಪ್ರತ್ಯೇಕವಾಗಿ ಹೊರಗಿಟ್ಟಿರುತ್ತವೆ. ಅಂಥವರು ವಿಮೆಗಾಗಿ ಕಾಯುತ್ತಾ ಮಗುವಿನ ವಯಸ್ಸು ದಾಟಿಸಬಾರದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳುತುಟಿ ಮತ್ತು ಸೀಳಂಗಳಕ್ಕೆ ಉಚಿತ ಶಸ್ತ್ರಚಿಕಿತ್ಸೆ ಇದೆ. ಅಂಗನವಾಡಿಗೆ ಬರುವ ತಪಾಸಣೆಯ ತಂಡವೇ ಮುಂದಿನ ದಾರಿ ತೋರಿಸುತ್ತದೆ. ಧಾರವಾಡದ ಎಸ್‌ಡಿಎಂ ಆಸ್ಪತ್ರೆಯಲ್ಲಿ ಇದಕ್ಕೆಂದೇ ವಿಭಾಗವಿದೆ. ನಮ್ಮ ಕೇಂದ್ರದ ಒಂದು ಮಗುವನ್ನು ಅಲ್ಲಿಗೇ ಕಳುಹಿಸಿದ್ದೆವು, ಈಗ ಅವಳು "ಪಪ್ಪಾಯಿ" ಎಂದು ಸ್ಪಷ್ಟವಾಗಿ ಹೇಳುತ್ತಾಳೆ.

ತುಂಗೆಯ ದಡ ಅಕ್ಕ, ನಿಮ್ಮ ಬಳಿ ಬಿಪಿಎಲ್ ಕಾರ್ಡ್ ಇದೆಯೇ? ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಅಂತಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸೌಲಭ್ಯವಿದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ.

ತುಂಗೆಯ ದಡ
ನಮ್ಮದು ಎಪಿಎಲ್ ಕಾರ್ಡ್, ಟೀಚರ್. ಅಂದಾಜು ಪಟ್ಟಿಯಲ್ಲಿ ತೆರಿಗೆಯ ಸಾಲು ಇಲ್ಲ. ಇಂದು ಆಸ್ಪತ್ರೆಗೆ ಹೋಗಿ ಪ್ರೀಆಥ್ ಅರ್ಜಿಯ ಪ್ರತಿಯನ್ನೂ ತಂದೆ. ಅದರಲ್ಲಿ ರೋಗನಿರ್ಣಯ ಎಂಬಲ್ಲಿ "ಬಲಗೈಯ ಕಲೆ" ಎಂದೂ, ಚಿಕಿತ್ಸೆ ಎಂಬಲ್ಲಿ "ಸ್ಕಾರ್ ರಿವಿಷನ್" ಎಂದೂ ಬರೆದಿದ್ದಾರೆ. ಸುಟ್ಟಗಾಯ ಎಂಬ ಪದ ಇಡೀ ಹಾಳೆಯಲ್ಲಿ ಎಲ್ಲಿಯೂ ಇಲ್ಲ! ವೈದ್ಯರ ಸ್ವಂತ ಚೀಟಿಯಲ್ಲಿ ಮಾತ್ರ "ಸುಟ್ಟಗಾಯದ ನಂತರದ ಕಾಂಟ್ರಾಕ್ಚರ್" (ಚರ್ಮ ಸೆಳೆದು ಬಿಗಿಯುವುದು) ಎಂದಿದೆ.

ಬಿಲ್ಲಿಂಗ್ ಕಿಟಕಿ
ನಾನು ಅಂದುಕೊಂಡದ್ದೇ ಆಯಿತು. ಅರ್ಜಿ ತುಂಬಿದವರು ಕಿರಿಯ ವೈದ್ಯರೋ ನಮ್ಮಂಥ ಗುಮಾಸ್ತರೋ ಇರಬೇಕು. ಕಂಪನಿಯ ಪರವಾಗಿ ಕ್ಲೇಮು ಪರಿಶೀಲಿಸುವ ಟಿಪಿಎ ಕಚೇರಿಯಲ್ಲಿ ಕೂತವರು ನಿಮ್ಮ ತಂಗಿಯ ಕೈಯನ್ನು ನೋಡುವುದಿಲ್ಲ, ಈ ಹಾಳೆಯನ್ನು ನೋಡುತ್ತಾರೆ. "ಕಲೆ ತಿದ್ದುವುದು" ಎಂದು ಓದಿದವರಿಗೆ ಕೆನ್ನೆಯ ಮೊಡವೆ ಕಲೆಗೂ ಇದಕ್ಕೂ ವ್ಯತ್ಯಾಸ ತಿಳಿಯುವುದಾದರೂ ಹೇಗೆ? ಈ ಸಲ ನಾನು ಕಂಪನಿಯನ್ನು ಬೈಯಲಾರೆ.

ಹುಬ್ಬಳ್ಳಿ ಡಾಕ್ಟರ್
ನಾನು ಪ್ಲಾಸ್ಟಿಕ್ ಸರ್ಜನ್. ತಪ್ಪಿನಲ್ಲಿ ನಮ್ಮವರ ಪಾಲೂ ಇದೆ, ಒಪ್ಪುತ್ತೇನೆ. ಓಪಿಡಿಯ ಗಡಿಬಿಡಿಯಲ್ಲಿ ಚುಟುಕಾಗಿ ಬರೆದುಬಿಡುತ್ತೇವೆ, ಆ ಎರಡು ಪದಗಳಿಗೆ ರೋಗಿ ಲಕ್ಷಾಂತರ ರೂಪಾಯಿ ತೆರಬೇಕಾಗುತ್ತದೆ.

ನಿಮ್ಮ ವೈದ್ಯರಲ್ಲಿ ವಿನಂತಿಸಿಕೊಂಡು ಲೆಟರ್‌ಹೆಡ್ಡಿನ ಮೇಲೆ ಪ್ರಮಾಣಪತ್ರ ಬರೆಸಿ. ಅದರಲ್ಲಿ ಸುಟ್ಟ ದಿನಾಂಕ, ಸುಟ್ಟ ಕಾರಣ, ಬಾಗಿದ ಬೆರಳುಗಳ ಪ್ರತಿ ಕೀಲು ಎಷ್ಟು ಡಿಗ್ರಿಯವರೆಗೆ ಬಿಚ್ಚಿಕೊಳ್ಳುತ್ತದೆ ಎಂಬ ಅಳತೆ, ಹಿಡಿತದಲ್ಲಿ ಆಗಿರುವ ನಷ್ಟ, ಫಿಸಿಯೋಥೆರಪಿಯಿಂದ ಸಿಕ್ಕಷ್ಟು ಪ್ರಯೋಜನ ಇವೆಲ್ಲ ಬರಬೇಕು. ಅಳತೆ ಬಹಳ ಮುಖ್ಯ. "ತೊಂದರೆ ಇದೆ" ಎಂದು ಬರೆದರೆ ಅಲ್ಲಗಳೆಯಬಹುದು, ಕೋನಮಾಪಕದ ಅಂಕಿಯನ್ನು ಅಲ್ಲಗಳೆಯುವುದು ಕಷ್ಟ. ಅಂಗೈ ಬಿಚ್ಚಲು ಪ್ರಯತ್ನಿಸುವಾಗಿನ ಫೋಟೋ, ಲೋಟ ಹಿಡಿಯುವಾಗಿನ ಫೋಟೋ ಎರಡನ್ನೂ ಲಗತ್ತಿಸಿ. ಚಿಕಿತ್ಸೆಯ ಹೆಸರು "ಕಾಂಟ್ರಾಕ್ಚರ್ ಬಿಡುಗಡೆ ಮತ್ತು ಚರ್ಮ ಕಸಿ" ಎಂದಿರಲಿ. ಇದು ಸುಳ್ಳು ಹೇಳಿಸುವ ಉಪಾಯವಲ್ಲ, ನಿಜವಾಗಿ ಮಾಡುತ್ತಿರುವುದು ಅದನ್ನೇ. ಮುಖದ ಕಲೆ ತಿಳಿಯಾಗಲೆಂದು ಲೇಸರ್ ಮಾಡಿಸಿಕೊಳ್ಳುವವರಿಗೆ ನಾನು ಹೀಗೆ ಬರೆದುಕೊಡುವುದಿಲ್ಲ. ಕೆಲವರು ಕೇಳುತ್ತಾರೆ, ಅದಕ್ಕೇ ಹೇಳಿದೆ.

ಕಹಿಬೇವು
ಡಾಕ್ಟರೇ, ಮುಖದ ಮೇಲಿನ ಸುಟ್ಟ ಕಲೆಯೂ ಸುಟ್ಟಗಾಯದ ಪರಿಣಾಮವೇ ಅಲ್ಲವೇ? ಕೈಗೊಂದು ನ್ಯಾಯ, ಮುಖಕ್ಕೊಂದು ನ್ಯಾಯವೇ? ಮದುವೆಗೆ ಬಂದ ಹುಡುಗಿಗೆ ಮುಖವೂ ಕೈಯಷ್ಟೇ ಮುಖ್ಯ.

ಹುಬ್ಬಳ್ಳಿ ಡಾಕ್ಟರ್
ಮದುವೆಗೆ ಬಾರದ ಹುಡುಗಿಗೂ, ಹುಡುಗನಿಗೂ ಮುಖ ಅಷ್ಟೇ ಮುಖ್ಯ. ನೀವು ಸರಿಯಾದ ಜಾಗಕ್ಕೇ ಕೈಹಾಕಿದ್ದೀರಿ. ಸುಟ್ಟಗಾಯದ ನಂತರದ ಪುನರ್ರಚನೆ ಎಂದಷ್ಟೇ ಕಲಮು ಹೇಳುತ್ತದೆ, ಅಂಗ ಕೆಲಸ ಮಾಡದಿದ್ದರೆ ಮಾತ್ರ ಎಂದು ಹೇಳುವುದಿಲ್ಲ. ಆದ್ದರಿಂದ ಸುಟ್ಟ ಮುಖದ ಪುನರ್ರಚನೆಗೂ ಧಾರಾಳವಾಗಿ ಕ್ಲೇಮು ಹಾಕಬಹುದು. ನಾನು ಹೇಳಿದ್ದು ಮೊಡವೆ ಕಲೆಯ ಲೇಸರ್ ಬಗ್ಗೆ, ಬರೆದದ್ದು ಅಸ್ಪಷ್ಟವಾಯಿತು. ಸುಟ್ಟ ಕಲೆಗೆ ಮಾಡುವ ಲೇಸರ್ ಕೂಡ ಹೊರರೋಗಿ ವಿಭಾಗದಲ್ಲೇ ಮುಗಿಯುವುದರಿಂದ ಹಣ ಸಿಗುವುದಿಲ್ಲ, ಆದರೆ ಅಲ್ಲಿನ ಕಾರಣ ಬೇರೆ.

ಕಹಿಬೇವು
ಈ ಒಂದು ಸಲ ನಾನು ಗೆದ್ದೆ ಎಂದು ಬರೆದಿಟ್ಟುಕೊಳ್ಳಿ.

ಹಳೇ ಏಜೆಂಟ್
ಮೊದಲ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಆಗಿದೆ ಎಂದಿರಿ. ಅಲ್ಲಿನ ಡಿಸ್ಚಾರ್ಜ್ ಸಮ್ಮರಿ ಮತ್ತು ಎಂಎಲ್‌ಸಿ (ಆಸ್ಪತ್ರೆ ಮಾಡುವ ವೈದ್ಯಕೀಯ-ಕಾನೂನು ದಾಖಲೆ) ಪ್ರತಿಯನ್ನು ಬಿಡಬೇಡಿ. ಪಾಲಿಸಿ ಆರಂಭವಾದ ಮೇಲೆಯೇ ಅಪಘಾತ ನಡೆಯಿತು ಎಂಬುದಕ್ಕೆ ಅದೇ ಪುರಾವೆ. ಆಗ ಕ್ಲೇಮು ಮಾಡಲಿಲ್ಲವಲ್ಲ, ಈಗ ಕೇಳುವಂತಿಲ್ಲ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ.

ತುಂಗೆಯ ದಡ
ಡಿಸ್ಚಾರ್ಜ್ ಚೀಟಿ ಇದೆ, ಅರಿಶಿನದ ಕಲೆಯಾಗಿದ್ದರೂ ಅಕ್ಷರ ಓದಲು ಬರುತ್ತದೆ. ಎಂಎಲ್‌ಸಿ ಪ್ರತಿ ಕೇಳಬೇಕು. ಅಕಸ್ಮಾತ್ ಮತ್ತೆ ತಿರಸ್ಕರಿಸಿದರೆ ಏನು ಗತಿ?

ಬಿಲ್ಲಿಂಗ್ ಕಿಟಕಿ
ಕ್ಯಾಶ್‌ಲೆಸ್ ಕೊಡಲಿಲ್ಲವೆಂದರೆ ಕ್ಲೇಮು ಸತ್ತಿತು ಎಂದರ್ಥವಲ್ಲ. ಕೈಯಿಂದ ಕಟ್ಟಿ, ಆಮೇಲೆ ಬಿಲ್ಲುಗಳನ್ನು ಸಲ್ಲಿಸಿ ಮರುಪಾವತಿ ಕೇಳಬಹುದು. ವಿಮಾ ಪ್ರಾಧಿಕಾರದ 2024ರ ಮೇ ತಿಂಗಳ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಬಿಲ್ಲಿಗೆ ಮೂರು ಗಂಟೆಯೊಳಗೆ ಉತ್ತರಿಸಬೇಕು. ಕ್ಲೇಮನ್ನು ತಿರಸ್ಕರಿಸಬೇಕಾದರೆ ಕಂಪನಿಯ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು, ಪಾಲಿಸಿಯ ಯಾವ ಷರತ್ತಿನ ಮೇಲೆ ತಿರಸ್ಕರಿಸಿದೆವು ಎಂಬುದನ್ನೂ ತಿಳಿಸಬೇಕು.

ಅದಕ್ಕೂ ಬಗ್ಗದಿದ್ದರೆ ಕಂಪನಿಯ ದೂರು ಅಧಿಕಾರಿಗೆ ಬರೆದು, ವಿಮಾ ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲೂ ದಾಖಲಿಸಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಓಂಬುಡ್ಸ್‌ಮನ್ (ವಿಮಾ ದೂರುಗಳನ್ನು ತೀರ್ಮಾನಿಸುವ ಅಧಿಕಾರಿ) ಬಳಿಗೆ ಹೋಗಬಹುದು. ನಮ್ಮ ರಾಜ್ಯದ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ, 50 ಲಕ್ಷದವರೆಗಿನ ವ್ಯಾಜ್ಯ ತೆಗೆದುಕೊಳ್ಳುತ್ತಾರೆ. ಕಂಪನಿಯ ಕೊನೆಯ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು, ಅದೊಂದನ್ನು ಮರೆಯಬೇಡಿ.

ಕಹಿಬೇವು
ಒಂದು ಗಂಟೆಯೊಳಗೆ ಉತ್ತರವಂತೆ! ಅದು ಯಾವ ಗಡಿಯಾರದ ಗಂಟೆ?

ತುಂಗೆಯ ದಡ
ಹದಿನೆಂಟು ದಿನಗಳ ನಂತರ ಬರೆಯುತ್ತಿದ್ದೇನೆ. ವೈದ್ಯರು ಬೇಸರಿಸದೆ ಹೊಸ ಪ್ರಮಾಣಪತ್ರ ಬರೆದುಕೊಟ್ಟರು. ಪುಟ್ಟ ಕೋನಮಾಪಕ ಹಿಡಿದು ಒಂದೊಂದೇ ಕೀಲನ್ನು ಅಳೆದರು. ಕಿರುಬೆರಳಿನ ನಡುಗಂಟು ನೇರವಾಗಲು 55 ಡಿಗ್ರಿ ಕಡಿಮೆ ಬಿತ್ತು. ಎಂಎಲ್‌ಸಿ ಪ್ರತಿಗೆ ಎರಡು ಸಲ ಅಲೆದೆ. ಹೊಸ ಅರ್ಜಿ ಹೋದ ದಿನ ಬೆಳಿಗ್ಗೆ 11ಕ್ಕೆ ಒಂದು ಪ್ರಶ್ನೆ, ಮಧ್ಯಾಹ್ನ ಇನ್ನೊಂದು ಪ್ರಶ್ನೆ ಬಂತು. ಸಂಜೆ 6 ದಾಟಿದ ಮೇಲೆ ಅನುಮತಿ ಬಂತು. ಕಹಿಬೇವು ಅವರ ಗಡಿಯಾರದ ಮಾತು ನೆನಪಾಗಿ ನಗು ಬಂತು.

ಶಸ್ತ್ರಚಿಕಿತ್ಸೆ ಕಳೆದ ಗುರುವಾರ ಆಯಿತು. ಬೆರಳುಗಳಿಗೆ ಸಣ್ಣ ತಂತಿ ಹಾಕಿ ನೇರ ನಿಲ್ಲಿಸಿದ್ದಾರೆ. ತಂಗಿಗೆ ಕೈಗಿಂತ ಚರ್ಮ ತೆಗೆದ ತೊಡೆಯ ಜಾಗವೇ ಹೆಚ್ಚು ಉರಿಯುತ್ತಿದೆಯಂತೆ. ಆಸ್ಪತ್ರೆಯ ಬಿಲ್ಲಿನಲ್ಲಿ ಕೈಗವಸು, ಹತ್ತಿ ಮುಂತಾದವಕ್ಕೆ 6,900 ರೂಪಾಯಿ ನಾವು ಕಟ್ಟಿದೆವು, ಉಳಿದದ್ದನ್ನು ಕಂಪನಿ ಕೊಟ್ಟಿತು. ಇನ್ನು ಆರು ತಿಂಗಳು ಸ್ಪ್ಲಿಂಟ್ (ಬೆರಳು ನೇರವಾಗಿರಿಸುವ ಪಟ್ಟಿ) ಕಟ್ಟಬೇಕು, ಒತ್ತಡದ ಕೈಗವಸು ತೊಡಬೇಕು ಎಂದಿದ್ದಾರೆ. ಅವೆರಡೂ ಸೇರಿ 7,400 ರೂಪಾಯಿ. ಅವನ್ನು ಕೇಳಬಹುದೇ?

ಅಂಗನವಾಡಿ ಟೀಚರ್
ಬಹಳ ಸಂತೋಷವಾಯಿತು ಅಕ್ಕ. ಒಂದು ವಿಚಿತ್ರ ನೋಡಿ: ಆಯುಷ್ಮಾನ್ ಯೋಜನೆಯ ಸುಟ್ಟಗಾಯದ ಕಾಂಟ್ರಾಕ್ಚರ್ ಪ್ಯಾಕೇಜಿನಲ್ಲಿ ಸ್ಪ್ಲಿಂಟ್, ಒತ್ತಡದ ಉಡುಪು, ಫಿಸಿಯೋಥೆರಪಿ ಎಲ್ಲವೂ ಸೇರಿವೆ. ಕಂತು ಕಟ್ಟಿದವರು ಮಾತ್ರ ಕೇಳಿ ಪಡೆಯಬೇಕು.

ಹುಬ್ಬಳ್ಳಿ ಡಾಕ್ಟರ್
ಹಣ ಬಂದರೂ ಬಾರದಿದ್ದರೂ ಸ್ಪ್ಲಿಂಟ್ ಮಾತ್ರ ಬಿಡಿಸಬೇಡಿ, ರಾತ್ರಿ ಹೊತ್ತು ಖಂಡಿತ ಇರಲಿ. ಕಸಿ ಮಾಡಿದ ಚರ್ಮವೂ ಸೆಳೆದುಕೊಳ್ಳುತ್ತದೆ.

ಬಿಲ್ಲಿಂಗ್ ಕಿಟಕಿ
ವೈದ್ಯರ ಚೀಟಿಯಲ್ಲಿ ಎರಡನ್ನೂ ಹೆಸರಿಸಿ ಬರೆಸಿ, ಡಿಸ್ಚಾರ್ಜ್ ನಂತರದ ಖರ್ಚಿನ ಅಡಿಯಲ್ಲಿ ಹಾಕಿ. ನಿಮ್ಮ ಪಾಲಿಸಿಯಲ್ಲಿ ಆ ಅವಧಿ 60 ದಿನವೋ 90 ದಿನವೋ ನೋಡಿಕೊಳ್ಳಿ. ಫಿಸಿಯೋಥೆರಪಿಯ ರಸೀದಿಗಳೂ ಅದರಲ್ಲೇ ಹೋಗುತ್ತವೆ.

ಕಹಿಬೇವು
ಫಿಸಿಯೋಥೆರಪಿಗೆ ಕೊಟ್ಟಾರು, ಕೈಗವಸಿಗೆ ಕೊಡುವುದಿಲ್ಲ. ಬೇಕಾದರೆ ನೋಡುತ್ತಿರಿ.

ತುಂಗೆಯ ದಡ
60 ದಿನ ಎಂದಿದೆ. ಚೀಟಿ ಬರೆಸಿಕೊಂಡು ಬಂದಿದ್ದೇನೆ, ಸೋಮವಾರ ಕಳುಹಿಸುತ್ತೇನೆ. ಏನಾಯಿತೆಂದು ಇಲ್ಲಿಯೇ ಬರೆಯುತ್ತೇನೆ, ಕಹಿಬೇವು ಅವರೇ.